ಮೂರು ಗಂಟೆ, ಎಂಟು ಶಾಲೆ

2018ರ ಜೂನ್, ಒಂದು ಭಾನುವಾರ. ಮ್ಯಾನ್‌ಹಟನ್‌ನ ದಕ್ಷಿಣ ತುದಿಯಲ್ಲಿ, ಬ್ರೂಕ್ಲಿನ್ ಸೇತುವೆ ಹತ್ತುವ ಕಡೆ, ನ್ಯೂಯಾರ್ಕ್ ಸಿಟಿ ಹಾಲ್ ಮುಂದೆ ನಿಂತಿದ್ದೀರಿ. ಎಡಕ್ಕೆ ಸ್ಟ್ರಾಲರ್‌ನಲ್ಲಿ ಕೂಸನ್ನು ಮಲಗಿಸಿಕೊಂಡ ಚೀನೀ ತಾಯಿ, ಬಲಕ್ಕೆ ಛತ್ರಿ ಹಿಡಿದ ಅಜ್ಜಿ, ಹಿಂದೆ ಏಳನೇ ಕ್ಲಾಸು ಮುಗಿಸುತ್ತಿರುವ ಹುಡುಗರ ಗುಂಪು. ಪರೀಕ್ಷೆ ಉಳಿಸಿ ಎಂಬ ಫಲಕಗಳು ತಲೆಯ ಮೇಲೆ ಓಲಾಡುತ್ತಿವೆ. ಘೋಷಣೆ ಮೊದಲು ಅಳುಕುತ್ತಾ ಏಳುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಇಲ್ಲಿ ಬಂದವರಲ್ಲಿ ಎಷ್ಟೋ ಜನ ಹೋಟೆಲ್ ಅಡುಗೆಮನೆಯಲ್ಲಿ, ಲಾಂಡ್ರಿಯಲ್ಲಿ ನಿಂತೇ ದುಡಿಯುವವರು. ವಾರದ ರಜೆಯನ್ನು ಈ ಮೆಟ್ಟಿಲಿಗೆ ಕೊಟ್ಟಿದ್ದಾರೆ.

ಸಿಟ್ಟಿಗೆ ಕಾರಣ ವಾರದ ಹಿಂದೆ ಹೊರಬಿದ್ದ ಪ್ರಕಟಣೆ. ನ್ಯೂಯಾರ್ಕ್ ನಗರದಲ್ಲಿ ಎಂಟು ಸರ್ಕಾರಿ ಹೈಸ್ಕೂಲುಗಳಿವೆ. ಶುಲ್ಕವಿಲ್ಲ, ಯಾರ ಶಿಫಾರಸೂ ನಡೆಯುವುದಿಲ್ಲ. ಎಂಟನೇ ಕ್ಲಾಸಿನಲ್ಲಿ ಬರೆಯುವ ಮೂರು ಗಂಟೆಯ ಒಂದೇ ಪರೀಕ್ಷೆಯ ಅಂಕದ ಮೇಲೆ ಸೀಟು. ಶಾಲೆಯ ಮಾರ್ಕ್ಸ್ ಕಾರ್ಡನ್ನು ಯಾರೂ ತೆರೆದು ನೋಡುವುದಿಲ್ಲ, ಮೇಷ್ಟರ ಮಾತನ್ನೂ ಕೇಳುವುದಿಲ್ಲ. ಆ ಪರೀಕ್ಷೆಯನ್ನೇ ಕೈಬಿಡುತ್ತೇವೆ ಎಂದು ಮೇಯರ್ ಬಿಲ್ ಡಿ ಬ್ಲಾಸಿಯೊ ಹೇಳಿದ್ದಾರೆ. ಬದಲಿಗೆ, ನಗರದ ಸುಮಾರು 600 ಮಿಡ್ಲ್ ಸ್ಕೂಲುಗಳಲ್ಲಿ ಪ್ರತಿಯೊಂದರಿಂದಲೂ ಮೇಲಿನ ಶೇಕಡಾ 7ರಷ್ಟು ಮಕ್ಕಳಿಗೆ ಸೀಟು. ಅಮೆರಿಕದಲ್ಲಿ ಜನಾಂಗದ ಲೆಕ್ಕದಲ್ಲಿ ಸೀಟು ಮೀಸಲಿಡುವಂತಿಲ್ಲ. ಅಲ್ಲಿನ ಸುಪ್ರೀಂ ಕೋರ್ಟ್ 1978ರಲ್ಲೇ ಕೋಟಾ ಪದ್ಧತಿಯನ್ನು ತಳ್ಳಿಹಾಕಿದೆ. ಹಾಗಾಗಿ ಮೇಯರ್ ಜಾತಿ-ಬಣ್ಣದ ಹೆಸರೆತ್ತದೆ ಶಾಲೆಯ ಹೆಸರು ಹಿಡಿದಿದ್ದಾರೆ. ನ್ಯೂಯಾರ್ಕಿನ ಬಡಾವಣೆಗಳು ಬಣ್ಣದ ಗೆರೆಯಲ್ಲೇ ಒಡೆದುಕೊಂಡಿರುವುದರಿಂದ, ಶಾಲೆಗಿಷ್ಟು ಎಂದರೆ ಜನಾಂಗಕ್ಕಿಷ್ಟು ಎಂದೇ ಆಗುತ್ತದೆ. ಮೆಟ್ಟಿಲ ಮೇಲಿನ ಅಜ್ಜಿಗೂ ಅದು ಅರ್ಥವಾಗಿದೆ.

ಅವರನ್ನು ಇನ್ನಷ್ಟು ಕೆರಳಿಸಿದ್ದು ಶಾಲೆಗಳ ಚಾನ್ಸಲರ್ ರಿಚರ್ಡ್ ಕರಾಂಜಾ ಟಿವಿಯಲ್ಲಿ ಆಡಿದ ಮಾತು. ಈ ಶಾಲೆಗಳ ಪ್ರವೇಶ ಯಾವುದೋ ಒಂದು ಜನಾಂಗದ ಸೊತ್ತು ಎಂಬ ವಾದವನ್ನು ತಾನು ಒಪ್ಪುವುದಿಲ್ಲ ಎಂದರು ಅವರು. ಎಷ್ಟು ಜನರ ಎದೆಗೆ ಆ ಮಾತು ನಾಟಿತೆಂದು ಇಲ್ಲಿ ನಿಂತರೆ ತಿಳಿಯುತ್ತದೆ. ಸೊತ್ತು ಎಂದು ಯಾರು ಹೇಳಿದ್ದರು? ಓದು ಅಂದಿರಿ, ಓದಿಸಿದೆವು. ಈಗ ಓದಿದ್ದೇ ತಪ್ಪೇ? ಹೀಗೆ ಕೇಳುವ ಮುಖಗಳು ನಿಮ್ಮ ಸುತ್ತ ಇವೆ.

ಈ ಓದು ಹೇಗಿರುತ್ತದೆಂದು ನೋಡಬೇಕಾದರೆ ಕ್ವೀನ್ಸ್‌ಗೆ ಹೋಗಬೇಕು.

ಜಾಕ್ಸನ್ ಹೈಟ್ಸ್, ರೂಸ್‌ವೆಲ್ಟ್ ಅವೆನ್ಯೂ. ತಲೆಯ ಮೇಲೆ ಕಬ್ಬಿಣದ ಕಂಬಗಳ ಮೇಲೆ 7ನೇ ನಂಬರಿನ ರೈಲು ದಡದಡ ಹಾಯುತ್ತದೆ, ಆಡುತ್ತಿದ್ದ ಮಾತು ಅರ್ಧಕ್ಕೆ ನಿಲ್ಲುತ್ತದೆ. 74ನೇ ಬೀದಿಗೆ ತಿರುಗಿದರೆ ಸೀರೆ ಅಂಗಡಿ, ಚಿನ್ನದಂಗಡಿ, ಬಿಸಿ ಜಿಲೇಬಿ, ಬಾಂಗ್ಲಾ ಬೋರ್ಡುಗಳು. ಶನಿವಾರ ಬೆಳಿಗ್ಗೆ. ಎರಡು ಅಂಗಡಿಗಳ ನಡುವಿನ ಕಿರಿದಾದ ಮೆಟ್ಟಿಲು ಹತ್ತಿ. ಮೇಲೆ ಟ್ಯೂಬ್‌ಲೈಟಿನ ಒಂದು ಕೋಣೆ, ಸಾಲು ಬೆಂಚು, ಹದಿಮೂರರ ವಯಸ್ಸಿನ ಮಕ್ಕಳು. ಬಾಂಗ್ಲಾದೇಶಿಗಳು, ಪಂಜಾಬಿಗಳು, ನೇಪಾಳಿಗಳು, ಟಿಬೆಟನ್ನರು. ಮೇಷ್ಟರು ಗಡಿಯಾರ ಒತ್ತುತ್ತಾರೆ. 180 ನಿಮಿಷ, 114 ಪ್ರಶ್ನೆ: ಇಂಗ್ಲಿಷಿಗೆ 57, ಗಣಿತಕ್ಕೆ 57. ಅನುಪಾತ, ಸಂಭವನೀಯತೆ, ಕೋನಗಳು. ಮಕ್ಕಳು ಪುಟ ತಿರುಗಿಸುವ ಸದ್ದು ಒಟ್ಟಿಗೇ ಕೇಳುತ್ತದೆ, ಅಷ್ಟು ಪಳಗಿದ್ದಾರೆ.

ಕೆಳಗೆ ಫುಟ್‌ಪಾತ್ ಮೇಲೆ ಕಾಯುವ ಅಪ್ಪ ರಾತ್ರಿ ಪಾಳಿ ಮುಗಿಸಿದ ಟ್ಯಾಕ್ಸಿ ಚಾಲಕ. ನಿದ್ದೆಗೆಟ್ಟ ಕಣ್ಣು. ತರಬೇತಿಗೆ ಒಬ್ಬೊಬ್ಬ ಮಗುವಿಗೆ ಸಾವಿರಾರು ಡಾಲರ್ ಸುರಿಯುವ ಮನೆಗಳಿವೆ. ಈ ಚಾಲಕನ ಮನೆಯಲ್ಲಿ ಅದೇ ಹಣಕ್ಕಾಗಿ ಬೇರೆ ಯಾವುದೋ ಖರ್ಚು ನಿಂತಿರುತ್ತದೆ. ಪರೀಕ್ಷೆಯನ್ನು ವಿರೋಧಿಸುವವರು ಕೋಚಿಂಗ್ ಎಂದೊಡನೆ ಶ್ರೀಮಂತರ ಚಿತ್ರ ಬರೆಯುತ್ತಾರಲ್ಲ, ಆ ಚಿತ್ರದಲ್ಲಿ ಇವನು ಇಲ್ಲ. ಆ ಎಂಟರಲ್ಲಿ ಒಂದಾದ ಸ್ಟೈವೆಸೆಂಟ್ ಶಾಲೆಯಲ್ಲೇ ಹತ್ತರಲ್ಲಿ ನಾಲ್ಕಕ್ಕೂ ಹೆಚ್ಚು ಮಕ್ಕಳು ಬಡ ಮನೆಯವರು. ಇದನ್ನು ಮರೆತು ಈ ವಿಷಯ ಮಾತಾಡುವುದು ಅನ್ಯಾಯ.

ಇಲ್ಲಿಂದ ಇ ರೈಲು ಹತ್ತಿ. ಕೊನೆಯ ಸ್ಟಾಪು ವರ್ಲ್ಡ್ ಟ್ರೇಡ್ ಸೆಂಟರ್. ಮೇಲೆ ಬಂದು ಚೇಂಬರ್ಸ್ ಸ್ಟ್ರೀಟ್‌ನಲ್ಲಿ ಪಶ್ಚಿಮಕ್ಕೆ, ಹಡ್ಸನ್ ನದಿಯ ಕಡೆಗೆ ನಡೆಯಿರಿ. ಆರು ಪಥದ ಹೆದ್ದಾರಿಯ ಮೇಲೆ ಒಂದು ಕಾಲುಸೇತುವೆ. ಅದು ನಿಮ್ಮನ್ನು ನೇರ ಸ್ಟೈವೆಸೆಂಟ್‌ನ ಎರಡನೇ ಮಹಡಿಗೆ ತಂದು ಬಿಡುತ್ತದೆ. ಹತ್ತು ಮಹಡಿಯ ಶಾಲೆ, ಒಳಗೆ ಎಸ್ಕಲೇಟರ್, ಈಜುಕೊಳ. 1904ರಲ್ಲಿ ಹುಟ್ಟಿದ ಸಂಸ್ಥೆ, 1992ರಲ್ಲಿ ಈ ಕಟ್ಟಡಕ್ಕೆ ಬಂತು. ಜೋಶುವಾ ಲೆಡರ್‌ಬರ್ಗ್, ರೋಆಲ್ಡ್ ಹಾಫ್‌ಮನ್, ರಿಚರ್ಡ್ ಆಕ್ಸೆಲ್ ಇಲ್ಲಿ ಓದಿ ಮುಂದೆ ನೊಬೆಲ್ ಪಡೆದವರು. ಬ್ರಾಂಕ್ಸ್ ಸೈನ್ಸ್ ಎಂಬ ಜೊತೆಶಾಲೆಯಿಂದ ಭೌತಶಾಸ್ತ್ರದ ನೊಬೆಲ್ ಪಡೆದವರೇ ಏಳು ಮಂದಿ. ಸರ್ಕಾರಿ ಶಾಲೆಯೊಂದು ವಲಸಿಗರ ಮಗುವಿಗೆ ಏನು ಕೊಡಬಲ್ಲುದು ಎನ್ನುವುದಕ್ಕೆ ಈ ಕಟ್ಟಡ ಕಣ್ಣೆದುರಿನ ಸಾಕ್ಷಿ. ಅದಕ್ಕೇ ಇದರ ಬಾಗಿಲಲ್ಲಿ ಇಷ್ಟು ನೂಕುನುಗ್ಗಲು.

ಈ ಬಾಗಿಲ ಬೀಗ ಮೇಯರ್ ಕೈಯಲ್ಲಿ ಇಲ್ಲ ಎನ್ನುವುದು ಹೊರಗಿನವರಿಗೆ ಹೊಳೆಯದ ಸಂಗತಿ. 1971ರಲ್ಲಿ, ಪರೀಕ್ಷೆ ಪಕ್ಷಪಾತಿಯೇ ಎಂದು ನಗರ ಪರಿಶೀಲಿಸಹೊರಟಾಗ, ಬ್ರಾಂಕ್ಸ್‌ನ ಇಬ್ಬರು ಶಾಸಕರು ರಾಜಧಾನಿ ಆಲ್ಬನಿಯಲ್ಲಿ ಕಾನೂನು ಮಾಡಿಸಿದರು. ಹೆಕ್ಟ್-ಕ್ಯಾಲಂಡ್ರಾ ಕಾಯ್ದೆ ಎಂದು ಅದರ ಹೆಸರು. ಸ್ಟೈವೆಸೆಂಟ್, ಬ್ರಾಂಕ್ಸ್ ಸೈನ್ಸ್, ಬ್ರೂಕ್ಲಿನ್ ಟೆಕ್ ಈ ಮೂರಕ್ಕೂ ಪರೀಕ್ಷೆಯೊಂದೇ ದಾರಿ ಎಂದು ಅದು ಬರೆದಿಟ್ಟಿತು. ಉಳಿದ ಐದು ಶಾಲೆ ಆಮೇಲೆ ನಗರವೇ ಸೇರಿಸಿದ್ದು. ಅಂದರೆ ಆ ಐದರಲ್ಲಿ ಮೇಯರ್ ಬೇಕಾದರೆ ಅಂದೇ ಬದಲಾವಣೆ ತರಲು ಯತ್ನಿಸಬಹುದಿತ್ತು. ಅದನ್ನು ಬಿಟ್ಟು ಡಿ ಬ್ಲಾಸಿಯೊ ಆಲ್ಬನಿಯ ಕದ ತಟ್ಟಿದರು. ಅವರ ಸ್ವಂತ ಮಗ ಓದಿದ್ದು ಬ್ರೂಕ್ಲಿನ್ ಟೆಕ್‌ನಲ್ಲೇ.

ಆ ಬ್ರೂಕ್ಲಿನ್ ಟೆಕ್‌ಗೆ ಹೋಗೋಣ. ಚೇಂಬರ್ಸ್‌ನಲ್ಲಿ ಸಿ ರೈಲು, ನದಿಯಡಿಯಲ್ಲಿ ಬ್ರೂಕ್ಲಿನ್, ಲಫಾಯೆಟ್ ಅವೆನ್ಯೂದಲ್ಲಿ ಇಳಿಯಿರಿ. ಫೋರ್ಟ್ ಗ್ರೀನ್ ಪಾರ್ಕಿನ ಪಕ್ಕದಲ್ಲಿ ಒಂದಿಡೀ ಬ್ಲಾಕನ್ನು ಹಿಡಿದು ನಿಂತ ಇಟ್ಟಿಗೆ ಬಣ್ಣದ ಕೋಟೆ, ನೆತ್ತಿಯ ಮೇಲೆ ರೇಡಿಯೊ ಗೋಪುರ. ಸುಮಾರು 6,000 ಮಕ್ಕಳು. 2018ರ ಅಕ್ಟೋಬರ್ ಕೊನೆಯ ವಾರಾಂತ್ಯದಲ್ಲಿ ಬಂದರೆ ಪರೀಕ್ಷೆಯ ಸಾಲು ಬ್ಲಾಕನ್ನೇ ಸುತ್ತಿಕೊಂಡಿರುತ್ತದೆ. ಕೈಯಲ್ಲಿ ಹಾಲ್ ಟಿಕೆಟ್, ಎರಡು ಪೆನ್ಸಿಲ್. ಅಮ್ಮ ಕೊನೆಯ ಗಳಿಗೆಯಲ್ಲಿ ಜಾಕೆಟ್ಟಿನ ಜಿಪ್ ಮೇಲೆಳೆಯುತ್ತಾಳೆ. ಮಗಳು ಯಾರಾದರೂ ನೋಡಿಯಾರೆಂದು ಕೈ ತಳ್ಳುತ್ತಾಳೆ. ಬಾಗಿಲಲ್ಲಿ ಪೋಷಕರನ್ನು ತಡೆಯುತ್ತಾರೆ. ಮೂರು ಗಂಟೆ ಇನ್ನು ಪಾರ್ಕಿನ ಬೆಂಚೇ ಗತಿ.

ಆ ಬೆಂಚಿನಲ್ಲಿ ಕೂತು ಒಂದು ವಿಷಯ ಯೋಚಿಸಿ. 1980ರ ದಶಕದ ಆರಂಭದಲ್ಲಿ, ಇದೇ ಕಟ್ಟಡದಲ್ಲಿ, ಇಂಥದೇ ಪರೀಕ್ಷೆ ಬರೆದು ಒಳಗೆ ಬಂದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಪ್ಪು ಜನಾಂಗದವರು. 2018ರಲ್ಲಿ ಅವರ ಪಾಲು ನೂರಕ್ಕೆ ಹತ್ತನ್ನೂ ಮುಟ್ಟುವುದಿಲ್ಲ. ಪರೀಕ್ಷೆ ಇದ್ದಲ್ಲೇ ಇದೆ, ಶಾಲೆ ಇದ್ದಲ್ಲೇ ಇದೆ. ಹಾಗಾದರೆ ಬದಲಾದದ್ದೇನು? ಈ ಇಡೀ ಜಗಳದಲ್ಲಿ ನನಗೆ ಬಹುಮುಖ್ಯವೆನಿಸುವ ಪ್ರಶ್ನೆ ಇದು. ಸಿಟಿ ಹಾಲ್ ಮೆಟ್ಟಿಲ ಎರಡೂ ಕಡೆಯವರು ಇದನ್ನು ಅರ್ಧ ಮಾತ್ರ ಕೇಳುತ್ತಾರೆ.

ಉತ್ತರದ ಒಂದು ಭಾಗ ಇದೇ ರೈಲಿನ ಮುಂದಿನ ಸ್ಟಾಪುಗಳಲ್ಲಿದೆ. ಮತ್ತೆ ಸಿ ರೈಲು ಹತ್ತಿ, ಕಿಂಗ್‌ಸ್ಟನ್-ಥ್ರೂಪ್‌ನಲ್ಲಿ ಇಳಿಯಿರಿ. ಬೆಡ್‌ಫರ್ಡ್-ಸ್ಟೈವೆಸೆಂಟ್ ಬಡಾವಣೆ. ಕಂದು ಕಲ್ಲಿನ ಹಳೆಯ ಮನೆಗಳು, ಮುಂಬಾಗಿಲಿಗೇರುವ ಎತ್ತರದ ಮೆಟ್ಟಿಲು, ಬೀದಿಗೊಂದು ಚರ್ಚು, ಕೆರಿಬಿಯನ್ ಬೇಕರಿಯ ಖಾರದ ಪ್ಯಾಟಿಯ ಪರಿಮಳ. ಶಾಲೆಗಳ ಲೆಕ್ಕದಲ್ಲಿ ಇದು ಜಿಲ್ಲೆ 16. ಒಂದು ಕಾಲದಲ್ಲಿ ಇಂಥ ಬಡಾವಣೆಗಳ ಶಾಲೆಗಳು ಚುರುಕಾದ ಮಕ್ಕಳಿಗೆ ಬೇರೆ ಕ್ಲಾಸು ನಡೆಸುತ್ತಿದ್ದವು. ಅಲ್ಲಿಂದ ಮಕ್ಕಳು ಟೆಕ್‌ಗೆ ಹೋಗುತ್ತಿದ್ದರು. 2008ರಲ್ಲಿ ಪ್ರತಿಭಾವಂತ ಮಕ್ಕಳ ವಿಶೇಷ ತರಗತಿಗೆ ಇಡೀ ನಗರಕ್ಕೆ ಒಂದೇ ಪರೀಕ್ಷೆ, ಒಂದೇ ಕಟ್‌ಆಫ್ ಎಂಬ ನಿಯಮ ಬಂತು. ಎಲ್ಲರಿಗೂ ಸಮಾನ ಅವಕಾಶ ಎಂಬುದೇ ಅದರ ಉದ್ದೇಶ. ಆದರೆ ಪರೀಕ್ಷೆ ನಾಲ್ಕು ವರ್ಷದ ಮಕ್ಕಳಿಗೆ! ನಾಲ್ಕು ವರ್ಷದ ಕೂಸಿಗೆ ಪರೀಕ್ಷೆಯಿದೆ ಎಂದು ಮೊದಲೇ ತಿಳಿದು, ಅರ್ಜಿ ಹಾಕಿ, ತಯಾರಿ ಮಾಡಿಸುವ ಮನೆಗಳು ಯಾವ ಬಡಾವಣೆಯಲ್ಲಿರುತ್ತವೆ? ಜಿಲ್ಲೆ 16, ಬ್ರೌನ್ಸ್‌ವಿಲ್‌ನ ಜಿಲ್ಲೆ 23, ದಕ್ಷಿಣ ಬ್ರಾಂಕ್ಸ್‌ನ 7, ಅದರ ಪಕ್ಕದ 12, ಇಲ್ಲೆಲ್ಲ ಕಟ್‌ಆಫ್ ದಾಟಿದ ಮಕ್ಕಳ ಸಂಖ್ಯೆ ಒಂದು ತರಗತಿಗೂ ಸಾಲದೆ ವಿಶೇಷ ಕ್ಲಾಸುಗಳು ಮುಚ್ಚಿಹೋದವು. 2016ರಲ್ಲಿ ಮೂರನೇ ಕ್ಲಾಸಿನಿಂದ ಮತ್ತೆ ಶುರುವಾಗುವವರೆಗೆ, ವರ್ಷಗಟ್ಟಲೆ, ಈ ನಾಲ್ಕು ಜಿಲ್ಲೆಗಳಲ್ಲಿ ಅಂಥ ಒಂದೇ ಒಂದು ತರಗತಿ ಇರಲಿಲ್ಲ.

ಇನ್ನೊಂದು ಭಾಗವೂ ಇದೆ. 1978ರಲ್ಲಿ ಆರಂಭವಾದ ಪ್ರೆಪ್ ಫಾರ್ ಪ್ರೆಪ್‌ನಂಥ ಸಂಸ್ಥೆಗಳು ಇದೇ ಬಡಾವಣೆಗಳ ಜಾಣ ಮಕ್ಕಳನ್ನು ಗುರುತಿಸಿ ವಿದ್ಯಾರ್ಥಿವೇತನದೊಂದಿಗೆ ಖಾಸಗಿ ಶಾಲೆಗಳಿಗೆ ಕಳುಹಿಸಿದವು. ಮಕ್ಕಳಿಗೆ ಒಳ್ಳೆಯದೇ ಆಯಿತು. ಟೆಕ್‌ನ ಸಾಲಿನಲ್ಲಿ ನಿಲ್ಲುವವರು ಕಡಿಮೆಯಾದರು.

ಈ ಬೀದಿಯ ಮಿಡ್ಲ್ ಸ್ಕೂಲಿನ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಕ್ಲಾಸಿಗೆ ಮೊದಲಿಗಳು. ಪರೀಕ್ಷೆ ಇದೆಯೆಂದು ಅವಳಿಗೆ ಗೊತ್ತಾಗುವುದು ಎಂಟನೇ ಕ್ಲಾಸಿನ ಸೆಪ್ಟೆಂಬರಿನಲ್ಲಿ. ಜಾಕ್ಸನ್ ಹೈಟ್ಸ್‌ನ ಬೆಂಚಿನ ಮಕ್ಕಳು ಅಷ್ಟರಲ್ಲಿ ತರಬೇತಿಯಲ್ಲಿ ಎರಡು ಬೇಸಿಗೆ ಕಳೆದಿರುತ್ತಾರೆ. ಅವಳ ಶಾಲೆಯಲ್ಲಿ ಬೀಜಗಣಿತದ ಕ್ಲಾಸೇ ಇಲ್ಲದಿರಬಹುದು. ಇಬ್ಬರೂ ಒಂದೇ ದಿನ, ಒಂದೇ ಪುಸ್ತಿಕೆ ತೆರೆಯುತ್ತಾರೆ. ಡಿ ಬ್ಲಾಸಿಯೊ ತಮ್ಮ ಯೋಜನೆ ಸಮರ್ಥಿಸುವಾಗ ಕೊಟ್ಟ ಒಂದು ಅಂಕಿ ನನ್ನನ್ನು ಬಿಟ್ಟುಹೋಗುವುದಿಲ್ಲ: ಹಿಂದಿನ ವರ್ಷ ಈ ಶಾಲೆಗಳಿಗೆ ಆಯ್ಕೆಯಾದವರಲ್ಲಿ ಅರ್ಧ ಮಂದಿ ಬರೀ 21 ಮಿಡ್ಲ್ ಸ್ಕೂಲುಗಳಿಂದ ಬಂದವರು. ಸುಮಾರು 600 ಶಾಲೆಗಳಲ್ಲಿ 21.

2019ರ ಮಾರ್ಚ್. ಫಲಿತಾಂಶ. ಗಣನೆ ಬಹಳ ಸರಳ: ಬರೆದವರೆಲ್ಲರನ್ನೂ ಅಂಕದ ಕ್ರಮದಲ್ಲಿ ನಿಲ್ಲಿಸುತ್ತಾರೆ. ಮೇಲಿನಿಂದ ಒಬ್ಬೊಬ್ಬರೇ ತಮ್ಮ ಆಯ್ಕೆಯ ಶಾಲೆ ಪಡೆಯುತ್ತಾ ಬರುತ್ತಾರೆ. ಸೀಟು ಮುಗಿದಲ್ಲಿ ಬಾಗಿಲು ಮುಚ್ಚುತ್ತದೆ. ಒಂದೇ ಅಂಕದ ಅಂತರದಲ್ಲಿ ಒಬ್ಬಳು ಒಳಗೆ, ಒಬ್ಬಳು ಹೊರಗೆ. ಆ ವರ್ಷ ಬರೆದವರು 27,521. ಸೀಟು ಸಿಕ್ಕಿದ್ದು 4,798 ಮಕ್ಕಳಿಗೆ. ಸ್ಟೈವೆಸೆಂಟ್‌ನ 895 ಸೀಟುಗಳಲ್ಲಿ ಏಷ್ಯನ್ ಮಕ್ಕಳಿಗೆ 587, ಬಿಳಿಯರಿಗೆ 194, ಲ್ಯಾಟಿನೊ ಮಕ್ಕಳಿಗೆ 33.

ಕಪ್ಪು ಮಕ್ಕಳಿಗೆ 7.

ಇನ್ನೊಮ್ಮೆ ಓದಿ ನೋಡಿ, ಅಚ್ಚಿನ ತಪ್ಪಲ್ಲ. ನಗರದ ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಮೂರರಲ್ಲಿ ಎರಡು ಭಾಗ ಕಪ್ಪು ಮತ್ತು ಲ್ಯಾಟಿನೊ ಮಕ್ಕಳು. ಪರೀಕ್ಷೆ ಬರೆಯುವವರಲ್ಲಿ ಹುಡುಗಿಯರು ಹುಡುಗರಿಗಿಂತ ಕಮ್ಮಿಯಿಲ್ಲ, ಶಾಲೆಯ ಅಂಕಗಳಲ್ಲೂ ಮುಂದೆ, ಆದರೂ ಸೀಟು ಪಡೆಯುವವರಲ್ಲಿ ಹಿಂದೆ. ಅದರ ಬಗ್ಗೆ ಮಾತಾಡುವವರೇ ವಿರಳ.

ಆ ವಸಂತದಲ್ಲಿ ರಾಜ್ಯ ಸೆನೆಟರ್ ಜಾನ್ ಲಿಯು ಅಹವಾಲು ಸಭೆಗಳನ್ನು ಕರೆಯುತ್ತಾರೆ. ಹಿಂದಿನ ಸಾಲಿನಲ್ಲಿ ನಿಮಗೊಂದು ಕುರ್ಚಿ ಸಿಗುತ್ತದೆ. ಮೈಕಿನ ಮುಂದೆ ಸರದಿ, ಮಾತಿಗೆ ಗಡುವು. ಸ್ಟೈವೆಸೆಂಟ್‌ನ ಕಪ್ಪು ವಿದ್ಯಾರ್ಥಿಗಳು ಇಡೀ ಕ್ಲಾಸಿನಲ್ಲಿ ತಾನೊಬ್ಬನೇ ಎಂದಾಗ ಹೇಗಿರುತ್ತದೆಂದು ಹೇಳುತ್ತಾರೆ. ಪರೀಕ್ಷೆ ಹೋದರೆ ತಮ್ಮ ಮಕ್ಕಳಿಗೆ ಉಳಿಯುವುದೇನು ಎಂದು ಏಷ್ಯನ್ ಪೋಷಕರು ಕೇಳುತ್ತಾರೆ: ಸಂದರ್ಶನವಿದ್ದರೆ ನಮ್ಮ ಇಂಗ್ಲಿಷು ಸಾಲದು, ಪರಿಚಯ ಬೇಕೆಂದರೆ ನಮಗೆ ಯಾರೂ ಗೊತ್ತಿಲ್ಲ, ಅಂಕವೊಂದೇ ನಮ್ಮ ಮುಖ ನೋಡದೆ ಮಾತಾಡುವುದು. ಬ್ರೂಕ್ಲಿನ್ ಟೆಕ್‌ನ ಹಳೆಯ ಕಪ್ಪು ವಿದ್ಯಾರ್ಥಿಗಳೂ ಇದ್ದಾರೆ. ಆಗಲೇ ತಲೆ ನರೆತವರು. ಅವರಲ್ಲಿ ಅನೇಕರು ಪರೀಕ್ಷೆಯ ಪರ! ನಾವು ಇದನ್ನೇ ಬರೆದು ಬಂದವರು, ನಮ್ಮ ಬಡಾವಣೆಯ ಶಾಲೆಗಳನ್ನು ಮೊದಲಿನಂತೆ ಮಾಡಿ ಎನ್ನುತ್ತಾರೆ. ಇತ್ತ ಬ್ರಾಂಕ್ಸ್ ಸೈನ್ಸ್‌ನಲ್ಲಿ ಓದಿದ ಕೋಟ್ಯಧಿಪತಿ ರೊನಾಲ್ಡ್ ಲಾಡರ್ ಪರೀಕ್ಷೆ ಉಳಿಸುವ ಪ್ರಚಾರಕ್ಕೆ ಹಣ ಹೂಡುತ್ತಾರೆ. ಟೀನ್ಸ್ ಟೇಕ್ ಚಾರ್ಜ್ ಎಂಬ ವಿದ್ಯಾರ್ಥಿಗಳ ಗುಂಪು, ಬರೀ ಎಂಟು ಶಾಲೆಯಲ್ಲ, ಇಡೀ ನಗರದ ಹೈಸ್ಕೂಲುಗಳ ಆಯ್ಕೆ ಪದ್ಧತಿಯೇ ಮಕ್ಕಳನ್ನು ಬಣ್ಣವಾರು ಜರಡಿ ಹಿಡಿಯುತ್ತಿದೆ ಎನ್ನುತ್ತದೆ. ಆ ಸಭೆಗಳಲ್ಲಿ ಬಂದ ಮಾತುಗಳಲ್ಲಿ ದೊಡ್ಡ ಚಿತ್ರವನ್ನು ಹಿಡಿದದ್ದು ಈ ಹದಿಹರೆಯದವರು ಎಂದೇ ನನ್ನ ಎಣಿಕೆ.

ಜೂನ್ ಬರುತ್ತದೆ, ಆಲ್ಬನಿಯ ಅಧಿವೇಶನ ಮುಗಿಯುತ್ತದೆ. ಪರೀಕ್ಷೆ ಕೈಬಿಡುವ ಮಸೂದೆ ಮತಕ್ಕೇ ಬರುವುದಿಲ್ಲ.

ಜಗಳ ಮಾತ್ರ ನಗರ ನಗರಕ್ಕೆ ಹಬ್ಬುತ್ತದೆ. 2020ರ ಡಿಸೆಂಬರಿನಲ್ಲಿ ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿ ತನ್ನ ಥಾಮಸ್ ಜೆಫರ್ಸನ್ ವಿಜ್ಞಾನ ಶಾಲೆಗೆ ಪರೀಕ್ಷೆಯಿಲ್ಲದ ಹೊಸ ಕ್ರಮ ತಂದಿತು. ಪ್ರತಿ ಮಿಡ್ಲ್ ಸ್ಕೂಲಿನ ಎಂಟನೇ ಕ್ಲಾಸಿನ ಶೇಕಡಾ 1.5ರಷ್ಟು ಮಕ್ಕಳಿಗೆ ಸೀಟು, ಜೊತೆಗೆ ಪ್ರಬಂಧ ಮತ್ತು ಮನೆಯ ಪರಿಸ್ಥಿತಿಯ ಲೆಕ್ಕ. ಒಂದೇ ವರ್ಷದಲ್ಲಿ ಏಷ್ಯನ್ ಮಕ್ಕಳ ಪಾಲು ಶೇಕಡಾ 73ರಿಂದ 54ಕ್ಕೆ ಇಳಿಯಿತು. ಬಡ ಮನೆಯ ಮಕ್ಕಳು ಶೇಕಡಾ ಒಂದಕ್ಕಿಂತ ಕಡಿಮೆ ಇದ್ದದ್ದು 25ಕ್ಕೆ ಏರಿತು. ಕನ್ನಡದ ಮನೆಗಳು ಸಾಕಷ್ಟಿರುವ ಪ್ರದೇಶ ಅದು. ಹರ್ಂಡನ್, ಆಶ್‌ಬರ್ನ್‌ನ ನಮ್ಮವರಿಗೆ ಇದು ಪತ್ರಿಕೆಯ ಸುದ್ದಿಯಲ್ಲ, ಮಗಳ ಎಂಟನೇ ಕ್ಲಾಸಿನ ಪ್ರಶ್ನೆ. ಪೋಷಕರು ಕೋರ್ಟಿಗೆ ಹೋದರು. ಮೊದಲು ಗೆದ್ದರು, ಮೇಲ್ಮನವಿಯಲ್ಲಿ ಸೋತರು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಪ್ರಕರಣ ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಸ್ಯಾನ್‌ಫ್ರಾನ್ಸಿಸ್ಕೊದ ಲೋವೆಲ್ ಹೈಸ್ಕೂಲಿನಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ: ಅಲ್ಲಿ ಲಾಟರಿ ತಂದ ಶಾಲಾ ಮಂಡಳಿಯ ಮೂವರನ್ನು ಮತದಾರರು 2022ರಲ್ಲಿ ಕುರ್ಚಿಯಿಂದ ಇಳಿಸಿದರು, ಅಂಕಗಳ ಆಯ್ಕೆ ಮರಳಿತು.

ಮತ್ತೆ ನ್ಯೂಯಾರ್ಕ್. 2024ರ ಡಿಸೆಂಬರ್, ಚಳಿಯ ರಾತ್ರಿ. ನಗರದ ಶಿಕ್ಷಣ ನೀತಿ ಮಂಡಳಿಯ ಸಭೆ. ವಿಷಯ ಒಂದು ಗುತ್ತಿಗೆ: ಪರೀಕ್ಷೆಯನ್ನು ಕಾಗದದಿಂದ ಕಂಪ್ಯೂಟರಿಗೆ ಒಯ್ಯಲು ಪಿಯರ್‌ಸನ್ ಕಂಪನಿಗೆ ಐದು ವರ್ಷಕ್ಕೆ ಸುಮಾರು 1.7 ಕೋಟಿ ಡಾಲರ್. ಕಾಯ್ದೆ ಬದಲಿಸಲಾಗದವರು ಗುತ್ತಿಗೆಯನ್ನೇ ತಡೆಯಲು ನೋಡುತ್ತಿದ್ದಾರೆ. ಮೈಕಿನಲ್ಲಿ ಒಬ್ಬೊಬ್ಬರಿಗೆ ಎರಡು ನಿಮಿಷ. ಆರು ವರ್ಷದ ಹಿಂದೆ ಮೆಟ್ಟಿಲ ಮೇಲೆ ಕೇಳಿದ ಅದೇ ವಾಕ್ಯಗಳು ನಿಮ್ಮ ಕಿವಿಗೆ ಬೀಳುತ್ತವೆ, ಹೇಳುವವರು ಮಾತ್ರ ಬೇರೆ. ಆಗಿನ ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ. ಗುತ್ತಿಗೆ ಅಂಗೀಕಾರವಾಗುತ್ತದೆ. ಮುಂದಿನ ವರ್ಷದ ಫಲಿತಾಂಶದಲ್ಲಿ ಸ್ಟೈವೆಸೆಂಟ್‌ನ 781 ಸೀಟುಗಳಲ್ಲಿ ಕಪ್ಪು ಮಕ್ಕಳಿಗೆ 8.

ಮೂರು ಗಂಟೆಯ ಒಂದು ಅಂಕವೇ ಒಂದು ಮಗುವಿನ ಸರ್ವಸ್ವ ಎನ್ನುವ ಕಾನೂನನ್ನು ನಾನು ಒಪ್ಪಲಾರೆ. ಆದರೆ ಟ್ಯಾಕ್ಸಿ ಚಾಲಕನ ಮಗಳಿಗೆ, ನಿನ್ನ ಶ್ರಮ ಈಗ ಅಡ್ಡಿ ಎಂದು ಹೇಳಿ ತರುವ ಬದಲಾವಣೆಯನ್ನೂ ಒಪ್ಪಲಾರೆ. 4,000 ಸೀಟುಗಳಿಗೆ 26,000 ಮಕ್ಕಳನ್ನು ನಿಲ್ಲಿಸಿ, ಯಾವ ಬಡವ ಯಾವ ಬಡವನನ್ನು ತಳ್ಳಿದ ಎಂದು ಎಣಿಸುತ್ತಾ ಕೂರುವುದು ನಗರದ ಆಡಳಿತಕ್ಕೆ ಬಹಳ ಅನುಕೂಲ. ಆ ಎಣಿಕೆಯ ಗದ್ದಲದಲ್ಲಿ, ಜಿಲ್ಲೆ 16ರ ಕ್ಲಾಸು ಮುಚ್ಚಿದ್ದು ಯಾರು ಎಂಬ ಪ್ರಶ್ನೆ ಮೈಕಿನವರೆಗೂ ಬರುವುದಿಲ್ಲ.

2025ರ ನವೆಂಬರಿನಲ್ಲಿ ಮೇಯರ್ ಆಗಿ ಆಯ್ಕೆಯಾದ ಜೊಹ್ರಾನ್ ಮಮ್ದಾನಿ ಬ್ರಾಂಕ್ಸ್ ಸೈನ್ಸ್‌ನ ಹಳೆಯ ವಿದ್ಯಾರ್ಥಿ. ಮೂರು ಶಾಲೆಗಳ ಕಾಯ್ದೆ ಈಗಲೂ ಆಲ್ಬನಿಯದೇ. ಆದರೆ ಯಾವ ಮಿಡ್ಲ್ ಸ್ಕೂಲಿನಲ್ಲಿ ಬೀಜಗಣಿತ ಹೇಳಿಕೊಡುತ್ತಾರೆ, ಎಲ್ಲಿ ಹೇಳಿಕೊಡುವುದಿಲ್ಲ, ಬೆಡ್‌ಫರ್ಡ್-ಸ್ಟೈವೆಸೆಂಟ್‌ನ ಮೂರನೇ ಕ್ಲಾಸಿನ ಚುರುಕು ಹುಡುಗಿಗೆ ಆರನೇ ಕ್ಲಾಸಿನಲ್ಲಿ ಗಣಿತದ ಮೇಷ್ಟರು ಯಾರು, ಇದಕ್ಕೆ ಆಲ್ಬನಿಯ ಅಪ್ಪಣೆ ಬೇಕಿಲ್ಲ. ಮುಂದಿನ ಸಭೆಯಲ್ಲಿ ನಿಮ್ಮ ಸರದಿ ಬಂದು ಎರಡು ನಿಮಿಷ ಸಿಕ್ಕರೆ, ಕೇಳಬೇಕಾದದ್ದು ಆ ಪಟ್ಟಿಯನ್ನು: ಶಾಲೆಯ ಹೆಸರು, ವಿಷಯ, ಮೇಷ್ಟರ ಸಂಖ್ಯೆ, ಯಾವ ವರ್ಷದಿಂದ.